ಹುಟ್ಟುಗುಣವೂ ಅಪರಾಧವೂ

೧

'ಹುಟ್ಟುಗುಣ ಸುಟ್ಟರೂ ಹೋಗದು' ಎಂಬ ಗಾದೆಯನ್ನು ಕೇಳದ ಕನ್ನಡಿಗನಿರಲಾರನು. ಗಾದೆಗಳು ಜನದ ಅನುಭವದ ಸಾರವೆಂದು ನಾವೆಲ್ಲರೂ ಶಾಲೆಯಲ್ಲಿ ಕಲಿತವರು. ಆದರೆ ಅನುಭವವು ಸಾರವಾಗಿ ಇಳಿಯುವಂತೆಯೇ ಗಟ್ಟಿಯಾಗಿ ಕಲ್ಲಾಗುವುದೂ ಉಂಟು. ಆ ಕಲ್ಲು ಯಾರಿಗೆ ತಾಗುವುದೆಂಬುದನ್ನು ಎಸೆದ ಕೈ ಅನೇಕ ವೇಳೆ ಅರಿಯದು.

ಕಳೆದ ತಿಂಗಳು ನಮ್ಮ ಸಂಘದ ಓದಿನ ಕೂಟದಲ್ಲಿ 'ವಡ್ಡಾರಾಧನೆ'ಯ ವಿದ್ಯುಚ್ಚೋರನ ಕಥೆಯನ್ನು ಓದಲಾಯಿತು. ಹಳಗನ್ನಡದ ತೊಡಕುಗಳನ್ನು ಬಿಡಿಸಿ ಅರ್ಥ ಹೇಳಿದ ಬಳಿಕ ಎಂದಿನಂತೆ ಚರ್ಚೆ ನಡೆಯಿತು. ಸಭೆಯ ಹಿರಿಯರೊಬ್ಬರು, 'ಕಳವು ಅನ್ನೂದು ರಕ್ತದಾಗ ಇರಬೇಕ್ರಿ, ಅದು ಕಲತು ಬರೂದಲ್ಲ' ಎಂದರು. ಹಲವರು ತಲೆದೂಗಿದರು, ನಾವೂ ತೂಗಿದೆವೆಂದು ಒಪ್ಪಿಕೊಳ್ಳಬೇಕು. ಆಗ ಹಿಂದಿನ ಸಾಲಿನಲ್ಲಿದ್ದ, ಶಾಲೆಯಲ್ಲಿ ಶಿಕ್ಷಕಿಯಾಗಿರುವ ಸೋದರಿಯೊಬ್ಬರು ಎದ್ದು, 'ಕಾಕಾ, ನಮ್ಮಜ್ಜ ಸೆಟ್ಲಮೆಂಟಿನ ತಂತಿಬೇಲಿ ಒಳಗ ಹುಟ್ಟಿದಾಂವ. ಅವನ ರಕ್ತದಾಗ ಏನಿತ್ತಂತ ನೋಡಿದವರು ಯಾರ್ರಿ?' ಎಂದು ಕೇಳಿ ಕುಳಿತುಕೊಂಡರು. ಅಷ್ಟರಲ್ಲಿ ಚಹ ಬಂದಿತು. ಮಾತು ಬೇರೆಡೆಗೆ ಹೊರಳಿತು. ಸೊಲ್ಲಾಪುರದಲ್ಲಿ ಬಾಳುವ ನಮಗೆ 'ಸೆಟ್ಲಮೆಂಟು' ಎಂದರೇನೆಂದು ವಿವರಿಸಬೇಕಾಗಿಲ್ಲ. ಪರಸ್ಥಳದ ವಾಚಕರಿಗಾಗಿ ಮುಂದೆ ಹೇಳುತ್ತೇವೆ. ಅಂದು ಕೊಡಬೇಕಾಗಿದ್ದ ಉತ್ತರವನ್ನು ತಡವಾಗಿಯಾದರೂ ಕೊಡುವ ಪ್ರಯತ್ನವೇ ಈ ಲೇಖನ.

ಪ್ರಶ್ನೆ ಸರಳವಾದುದು. ಒಬ್ಬನು ಕದ್ದನು, ಇಲ್ಲವೆ ಕೊಂದನು. ಏಕೆ? 'ಅವನು ಅಂಥವನು, ಆದುದರಿಂದ' ಎಂಬುದು ಒಂದು ಉತ್ತರ. ಅದನ್ನು ಹಳ್ಳಿಯ ಕಟ್ಟೆಯ ಮೇಲೆ ಹೇಳಿದರೆ ಗಾದೆ. ಅಂಕಿಗಳೊಡನೆ ಗ್ರಂಥದಲ್ಲಿ ಹೇಳಿದರೆ ಮನೋವಿಜ್ಞಾನ. ಎರಡನೆಯದನ್ನು ಮೊದಲನೆಯದೆಂದು ತಳ್ಳಿಬಿಡುವುದು ಅನ್ಯಾಯ. ಅದರಲ್ಲಿ ಸತ್ಯಾಂಶವುಂಟು. ಆ ಸತ್ಯಾಂಶದ ಎಲ್ಲೆ ಎಲ್ಲಿಯವರೆಗೆ, ಎಲ್ಲೆ ಮೀರಿದಾಗ ಏನಾಗುತ್ತದೆ ಎಂಬುದನ್ನು ನಾಲ್ಕು ಕೃತಿಗಳ ನೆರವಿನಿಂದ ನೋಡಬೇಕೆಂಬುದು ನಮ್ಮ ಉದ್ದೇಶ.

೨

ಅಪರಾಧಿಯು ಬೇರೊಂದು ಜಾತಿಯ ಮನುಷ್ಯನೆಂಬ ನಂಬಿಕೆಗೆ ಶಾಸ್ತ್ರದ ಉಡುಪು ತೊಡಿಸಿ ಹೆಸರಾದವನು ಇಟಲಿಯ ವೈದ್ಯ ಚೇಸರೆ ಲೊಂಬ್ರೋಸೊ. ೧೮೭೬ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಹುಟ್ಟು ಅಪರಾಧಿಯನ್ನು ತಲೆಬುರುಡೆ, ದವಡೆ, ಕಿವಿಗಳ ಆಕಾರದಿಂದ ಗುರುತಿಸಬಹುದೆಂದು ವಾದಿಸಿದನು. ಇಂಗ್ಲೆಂಡಿನ ಸೆರೆಮನೆಯ ವೈದ್ಯನಾದ ಚಾರ್ಲ್ಸ್ ಗೋರಿಂಗನು ಸುಮಾರು ಮೂರು ಸಾವಿರ ಕೈದಿಗಳನ್ನು ಅಳೆದು, ಸೆರೆಯ ಹೊರಗಿನವರೊಡನೆ ಹೋಲಿಸಿ, ಅಂಥ ದೇಹಲಕ್ಷಣದ ಪ್ರತ್ಯೇಕ ಜಾತಿಯೊಂದು ಇಲ್ಲವೆಂದು ೧೯೧೩ರಲ್ಲಿ ತೋರಿಸಿದನು. ಬುರುಡೆಯ ವಾದ ಅಲ್ಲಿಗೆ ಬಲಗುಂದಿತು. ಆದರೆ ಪ್ರಶ್ನೆಯು ಬುರುಡೆಯನ್ನು ಬಿಟ್ಟು ಅದರೊಳಗಿನ ಸ್ವಭಾವಕ್ಕೆ ಇಳಿಯಿತು.

ಬರ್ಲಿನ್ನಿನಲ್ಲಿ ೧೯೧೬ರಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಹಾನ್ಸ್ ಐಸೆಂಕನು ೧೯೬೪ರಲ್ಲಿ 'ಕ್ರೈಮ್ ಅಂಡ್ ಪರ್ಸನಾಲಿಟಿ' ಎಂಬ ಗ್ರಂಥವನ್ನು ಬರೆದನು. ಈ ವಾದಕ್ಕೆ ದೊರೆತ ಅತ್ಯಂತ ಸುಸಂಬದ್ಧವಾದ ರೂಪಗಳಲ್ಲಿ ಇದೊಂದು. ಐಸೆಂಕನ ಮಾತಿನಲ್ಲಿ ಅಂತಸ್ಸಾಕ್ಷಿಯೆಂಬುದು ದೇವರ ದನಿಯಲ್ಲ. ಅದು ಬಾಲ್ಯದಲ್ಲಿ ರೂಢಿಯಾದ ಒಂದು ಪ್ರತಿಕ್ರಿಯೆ. ಮಗು ಡಬ್ಬಿಯಿಂದ ಬೆಲ್ಲವನ್ನು ಕದಿಯುತ್ತದೆ, ತಾಯಿ ಗದರುತ್ತಾಳೆ. ಹೀಗೆ ಹಲವು ಸಲವಾದ ಮೇಲೆ ತಾಯಿ ಮನೆಯಲ್ಲಿಲ್ಲದಿದ್ದರೂ ಡಬ್ಬಿಗೆ ಕೈಹಾಕುವಾಗ ಎದೆ ಹೊಡೆದುಕೊಳ್ಳುತ್ತದೆ. ಗಂಟೆಯ ಸದ್ದಿಗೆ ಜೊಲ್ಲು ಸುರಿಸಿದ ಪಾವ್ಲೋವನ ನಾಯಿಯ ತತ್ತ್ವವೇ ಇಲ್ಲಿಯೂ ಇದೆ. ಆದರೆ ಎಲ್ಲ ಮಕ್ಕಳಲ್ಲಿಯೂ ಈ ರೂಢಿ ಸಮನಾಗಿ ಬೇರೂರುವುದಿಲ್ಲ. ಬಹಿರ್ಮುಖಿಗಳ ಮೆದುಳು ಸಹಜವಾಗಿಯೇ ಮಂದವಾಗಿ ಎಚ್ಚೆತ್ತಿರುವುದರಿಂದ ಅವರು ಹೊರಗಿನ ಉತ್ತೇಜನವನ್ನು ಅರಸುತ್ತಾರೆ. ಗದರಿಕೆಯ ಪಾಠ ಅವರಲ್ಲಿ ನಿಲ್ಲುವುದು ಕಷ್ಟ. ಅದಕ್ಕೆ ಭಾವಗಳ ಉದ್ವೇಗವೂ ಸೇರಿದರೆ ಅಪರಾಧದತ್ತ ಒಲವು ಹೆಚ್ಚು. ಮುಂದೆ ೧೯೭೦ರ ದಶಕದಲ್ಲಿ ಅವನು ಮೂರನೆಯ ಲಕ್ಷಣವೊಂದನ್ನು ಸೇರಿಸಿದನು: ಪರರ ನೋವಿಗೆ ಕರಗದ, ಕಟ್ಟುಪಾಡುಗಳನ್ನು ಲೆಕ್ಕಿಸದ ಒಂದು ಬಗೆಯ ಕಠೋರತೆ.

ಈ ವಾದದ ಹಿರಿಮೆಯನ್ನು ಮೊದಲು ಒಪ್ಪೋಣ. ಅದು ಪಾಪವೆಂಬ ಅಸ್ಪಷ್ಟ ಪದವನ್ನು ಬಿಟ್ಟು ಪರೀಕ್ಷಿಸಬಹುದಾದ ಮಾತನ್ನು ಆಡಿತು. ಪರೀಕ್ಷೆಯಲ್ಲಿ ಅದು ಪೂರ್ತಿ ಸೋಲಲೂ ಇಲ್ಲ. ಕಠೋರತೆ, ದುಡುಕು ಎಂಬ ಗುಣಗಳಿಗೂ ಅಪರಾಧಕ್ಕೂ ಸಂಬಂಧವುಂಟೆಂದು ಅನೇಕ ಅಧ್ಯಯನಗಳು ಕಂಡಿವೆ. ನ್ಯೂಜಿಲೆಂಡಿನ ಡನೀಡಿನ್ ಪಟ್ಟಣದಲ್ಲಿ ೧೯೭೨-೭೩ರಲ್ಲಿ ಹುಟ್ಟಿದ ಸಾವಿರಕ್ಕೂ ಮಿಕ್ಕ ಮಕ್ಕಳನ್ನು ದಶಕಗಳ ಕಾಲ ಗಮನಿಸಿದವರು, ಬಾಲ್ಯದಲ್ಲಿ ಆತ್ಮಸಂಯಮ ಕಡಿಮೆಯಿದ್ದವರು ಮೂವತ್ತೆರಡು ವರ್ಷಗಳಾಗುವಷ್ಟರಲ್ಲಿ ಶಿಕ್ಷೆಗೊಳಗಾದ ಪ್ರಮಾಣ ಹೆಚ್ಚೆಂದು ೨೦೧೧ರಲ್ಲಿ ವರದಿ ಮಾಡಿದರು. ಮನೆಯ ಬಡತನ, ಬುದ್ಧಿಶಕ್ತಿ ಇವುಗಳ ಲೆಕ್ಕವನ್ನು ತೆಗೆದ ಮೇಲೆಯೂ ಈ ಭೇದ ಉಳಿಯಿತು. ಸ್ವಭಾವವೆಂಬುದು ಬರಿಯ ಭ್ರಮೆಯೆಂದು ಹೇಳುವವರು ಈ ಮಾತಿಗೆ ಉತ್ತರ ಕೊಡಬೇಕು.

ಇನ್ನು ಕೊರತೆಗಳು. ಐಸೆಂಕನ ಸಿದ್ಧಾಂತಕ್ಕೆ ಆಧಾರವಾದ ಬಹಿರ್ಮುಖತೆಯೇ ಕೈದಿಗಳಲ್ಲಿ ಸ್ಥಿರವಾಗಿ ಹೆಚ್ಚಾಗಿ ಕಂಡುಬರಲಿಲ್ಲ. ಮೇಲಾಗಿ ಸೆರೆಮನೆಯಲ್ಲಿರುವವರು ಸಿಕ್ಕಿಬಿದ್ದವರು. ಸಿಕ್ಕದೆ ಹೊರಗೆ ತಿರುಗುವ ಅಪರಾಧಿಗಳ ಸ್ವಭಾವವನ್ನು ಅಳೆದವರಾರು? ಅಮೆರಿಕದ ಸಮಾಜಶಾಸ್ತ್ರಜ್ಞನಾದ ಎಡ್ವಿನ್ ಸದರ್ಲೆಂಡನು ೧೯೪೯ರಲ್ಲಿ ಎಪ್ಪತ್ತು ದೊಡ್ಡ ಕಂಪೆನಿಗಳ ಕಾನೂನುಭಂಗಗಳನ್ನು ಕಲೆಹಾಕಿದನು. ಉಕ್ಕಿನ ಕಂಪೆನಿಯೊಂದು ತಪ್ಪುಮಾಡಿದುದಕ್ಕೆ ಅದರ ಈಡಿಪಸ್ ಗ್ರಂಥಿಯೇ ಕಾರಣವೆಂದು ಯಾರೂ ನಂಬಲಾರರಷ್ಟೆ ಎಂದು ಅವನು ಹಾಸ್ಯಮಾಡಿದನು. ಬಡವನು ಕದ್ದರೆ ಸ್ವಭಾವ, ಶ್ರೀಮಂತನು ಕದ್ದರೆ ವ್ಯವಹಾರ ಎಂಬ ನಮ್ಮ ಅಭ್ಯಾಸಕ್ಕೆ ಅದು ಸರಿಯಾದ ಪೆಟ್ಟು. ಇನ್ನೊಂದು ಕಡೆ ಹಾರ್ಟ್‌ಷಾರ್ನ್ ಮತ್ತು ಮೇ ಎಂಬವರು ಸಾವಿರಾರು ಮಕ್ಕಳನ್ನು ಪರೀಕ್ಷಿಸಿ ೧೯೨೮ರಲ್ಲಿ ಹೇಳಿದುದು ಮತ್ತೂ ಸೋಜಿಗದ್ದು: ಪರೀಕ್ಷೆಯಲ್ಲಿ ನಕಲು ಮಾಡಿದ ಹುಡುಗನೇ ಹಣದ ವಿಷಯದಲ್ಲಿಯೂ ಮೋಸ ಮಾಡುವನೆಂದು ಹೇಳಲು ಬರುವುದಿಲ್ಲ. ಸನ್ನಿವೇಶ ಬದಲಾದರೆ ಪ್ರಾಮಾಣಿಕತೆಯೂ ಬದಲಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ತರ್ಕದ್ದು. ಇವನೇಕೆ ಕ್ರೂರಕೃತ್ಯ ಮಾಡಿದನು? ಕ್ರೂರಿಯಾದುದರಿಂದ. ಕ್ರೂರಿಯೆಂದು ಹೇಗೆ ಗೊತ್ತು? ಕ್ರೂರಕೃತ್ಯ ಮಾಡಿದನಲ್ಲ! ಕೆನಡಾದ ರಾಬರ್ಟ್ ಹೇರನು ರಚಿಸಿದ, ಇಂದು ಬಹಳ ಪ್ರಸಿದ್ಧವಾಗಿರುವ ಇಪ್ಪತ್ತು ಅಂಶಗಳ ಪಟ್ಟಿಯಲ್ಲಿ ಕೂಡ, ಹುಡುಗತನದಲ್ಲಿ ಮಾಡಿದ ಅಪರಾಧ, ಅಪರಾಧಗಳ ವೈವಿಧ್ಯ ಇವೇ ಅಂಕಗಳನ್ನು ತರುತ್ತವೆ. ಹಿಂದಿನ ಅಪರಾಧವನ್ನು ಸ್ವಭಾವದಲ್ಲಿ ಎಣಿಸಿ, ಆ ಸ್ವಭಾವದಿಂದಲೇ ಅಪರಾಧವನ್ನು ವಿವರಿಸಿದರೆ ಗಾಣದೆತ್ತು ದಿನವೆಲ್ಲ ನಡೆದಂತಾಯಿತು.

೩

ಈಗ ಸಾಹಿತ್ಯಕ್ಕೆ ಬರೋಣ. ರಷ್ಯದ ದಾಸ್ತೋವ್‌ಸ್ಕಿಯು ೧೮೫೦ರಿಂದ ೧೮೫೪ರವರೆಗೆ ಸೈಬೀರಿಯದ ಓಮ್ಸ್ಕ್ ಸೆರೆಮನೆಯಲ್ಲಿ ಬೇಡಿ ತೊಟ್ಟು ಕಳೆದವನು. ಆ ಅನುಭವದಿಂದ ಹುಟ್ಟಿದ, 'ಸತ್ತ ಮನೆಯ ಟಿಪ್ಪಣಿಗಳು' ಎಂದು ಕನ್ನಡಿಸಬಹುದಾದ ಗ್ರಂಥವು ೧೮೬೦-೬೨ರಲ್ಲಿ ಪ್ರಕಟವಾಯಿತು. ಅದರ ಮೊದಲ ಭಾಗದಲ್ಲಿ ಒಬ್ಬ ಕೈದಿಯ ಚಿತ್ರವಿದೆ. ಅವನು ಕುಲೀನ ಮನೆತನದವನು, ಹಿಂದೆ ಅಧಿಕಾರಿಯಾಗಿದ್ದವನು. ಆಸ್ತಿಯ ಆಸೆಯಿಂದ ತಂದೆಯನ್ನು ಕೊಂದನೆಂದು ಶಿಕ್ಷೆ ಅನುಭವಿಸುತ್ತಿದ್ದಾನೆ. ಆದರೆ ಪಶ್ಚಾತ್ತಾಪದ ನೆರಳೂ ಅವನ ಮೇಲಿಲ್ಲ, ಸದಾ ಗೆಲವಾಗಿರುತ್ತಾನೆ. ಒಮ್ಮೆ ದೇಹದಾರ್ಢ್ಯದ ಮಾತು ಬಂದಾಗ, ತನ್ನ ತಂದೆಗೆ ಕೊನೆಯವರೆಗೂ ಯಾವ ರೋಗವೂ ಇರಲಿಲ್ಲವೆಂದು ಸಹಜವಾಗಿ ಹೇಳಿಬಿಡುತ್ತಾನೆ. ಇಂಥ ಜಡತೆಯನ್ನು ಕಂಡು ಬೆರಗಾದ ಲೇಖಕನು, ಇದು ಬರಿಯ ಅಪರಾಧವಲ್ಲ, ಶಾಸ್ತ್ರಕ್ಕೆ ಇನ್ನೂ ತಿಳಿಯದ ಯಾವುದೋ ಪ್ರಕೃತಿದೋಷವಿರಬೇಕು, ದೇಹದ ಹಾಗೂ ನೀತಿಯ ಒಂದು ವಿಕಾರವಿರಬೇಕು ಎಂದು ಬರೆಯುತ್ತಾನೆ. ಲೊಂಬ್ರೋಸೋನ ಗ್ರಂಥಕ್ಕೆ ಒಂದೂವರೆ ದಶಕ ಮುಂಚೆಯೇ ಅದೇ ವಾದದ ಬೀಜ ಇಲ್ಲಿ ಕಾಣುತ್ತದೆ. ತನಗೆ ಆ ಅಪರಾಧದಲ್ಲಿ ನಂಬಿಕೆ ಬರಲಿಲ್ಲವೆಂದೂ, ಆದರೆ ಊರಿನವರು ಹೇಳಿದುದು ಅಷ್ಟು ಸ್ಪಷ್ಟವಾಗಿದ್ದುದರಿಂದ ನಂಬದೆ ಗತಿಯಿರಲಿಲ್ಲವೆಂದೂ ಅವನು ಸೇರಿಸುತ್ತಾನೆ.

ಮುಂದೆ ಎರಡನೆಯ ಭಾಗದಲ್ಲಿ ಕಥೆ ನಡುವೆ ನಿಲ್ಲುತ್ತದೆ. ಸೈಬೀರಿಯದಿಂದ ಸುದ್ದಿ ಬಂದಿದೆ: ನಿಜವಾದ ಕೊಲೆಗಾರರು ಸಿಕ್ಕಿ ತಪ್ಪೊಪ್ಪಿಕೊಂಡಿದ್ದಾರೆ, ಆ ಕೈದಿ ನಿರಪರಾಧಿ, ಹತ್ತು ವರ್ಷ ವ್ಯರ್ಥವಾಗಿ ಬೇಡಿ ತೊಟ್ಟಿದ್ದಾನೆ. ಆ ಸುದ್ದಿಯನ್ನು ಅಚ್ಚುಹಾಕಿಸಿ ಓದುಗರ ಮುಂದಿಟ್ಟುದು ದಾಸ್ತೋವ್‌ಸ್ಕಿಯ ದೊಡ್ಡತನ. ಈಗ ಹಿಂದಿನ ಪುಟಕ್ಕೆ ತಿರುಗಿ ಓದಿದರೆ ಏನಾಗುತ್ತದೆಂಬುದನ್ನು ವಾಚಕರು ಸ್ವತಃ ಪರೀಕ್ಷಿಸಿ ನೋಡಬೇಕು. ಅಕ್ಷರ ಒಂದೂ ಬದಲಾಗಿಲ್ಲ. ಆದರೂ ರಾಕ್ಷಸನ ನಿರ್ಲಜ್ಜೆಯಾಗಿ ತೋರಿದ್ದ ಆ ಮಾತು, ಸತ್ತ ತಂದೆಯನ್ನು ಮಗನೊಬ್ಬನು ನೆನೆದ ಮಾತಾಗಿ ಕೇಳಿಸುತ್ತದೆ. ಮೊದಲು ಕಂಡ ವಿಕಾರ ಅವನ ಮುಖದಲ್ಲಿರಲಿಲ್ಲ. ನಾವು ಮೊದಲೇ ಕೇಳಿದ್ದ ತೀರ್ಪಿನಲ್ಲಿತ್ತು.

ಆ ಕೈದಿಯ ಕಥೆಯೇ 'ಕರಮಜೋವ್ ಸಹೋದರರು' (೧೮೭೯-೮೦) ಎಂಬ ಮಹಾಕಾದಂಬರಿಗೆ ಬೀಜವಾಯಿತು. ಅಲ್ಲಿಯೂ ತಂದೆಯ ಕೊಲೆ. ಅಲ್ಲಿಯೂ ನಿರಪರಾಧಿಯಾದ ಮಗ ಮಿತ್ಯಾ. ಅವನು ಕುಡುಕ, ದುಂದುಗಾರ, ಮುಂಗೋಪಿ. ತಂದೆಯನ್ನು ಕೊಲ್ಲುವೆನೆಂದು ಹತ್ತು ಜನರೆದುರು ಕೂಗಾಡಿದವನು. ಸರಕಾರಿ ವಕೀಲನ ವಾದ ಬಹುಮಟ್ಟಿಗೆ ವ್ಯಕ್ತಿತ್ವದ ವಿವರಣೆ. ಕರಮಜೋವರ ಪ್ರಕೃತಿ ಎಂಥದು, ಅದು ಉನ್ನತಿ ಅಧೋಗತಿಗಳೆರಡನ್ನೂ ಏಕಕಾಲದಲ್ಲಿ ಹೇಗೆ ಅಪ್ಪಿಕೊಳ್ಳಬಲ್ಲದು ಎಂದು ಅವನು ಅತ್ಯಂತ ಸೂಕ್ಷ್ಮವಾಗಿ ಬಣ್ಣಿಸುತ್ತಾನೆ. ಆ ವರ್ಣನೆಯಲ್ಲಿ ಹೆಚ್ಚಿನ ಅಂಶ ನಿಜವೂ ಹೌದು. ಆದರೆ ಕೊಂದವನು ಮಿತ್ಯಾ ಅಲ್ಲ. ಮನೆಯ ಅಡಿಗೆಯವನಾದ ಸ್ಮೆರ್ದ್ಯಾಕೋವ್. ಸ್ವಭಾವವನ್ನು ಸರಿಯಾಗಿ ಅರಿತೂ ಕೃತ್ಯವನ್ನು ತಪ್ಪಾಗಿ ತಿಳಿಯಬಹುದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಕೃತಿಯನ್ನು ನಾವು ಓದಿಲ್ಲ.

ಅದೇ ವಿಚಾರಣೆಯಲ್ಲಿ ಮೂವರು ವೈದ್ಯರು ಸಾಕ್ಷಿ ಹೇಳುತ್ತಾರೆ. ಆರೋಪಿ ನ್ಯಾಯಾಲಯದೊಳಗೆ ಬರುವಾಗ ನೇರವಾಗಿ ಮುಂದೆ ನೋಡಿದನಷ್ಟೆ. ಹೆಂಗಸರನ್ನು ಮೆಚ್ಚುವ ಅವನು ಸರಿಯಾದ ಬುದ್ಧಿಯಲ್ಲಿದ್ದರೆ ಅವರು ಕುಳಿತ ಎಡಕ್ಕೆ ನೋಡಬೇಕಾಗಿತ್ತೆಂದು ಒಬ್ಬನು. ಅಲ್ಲ, ತನ್ನ ವಕೀಲನಿದ್ದ ಬಲಕ್ಕೆ ನೋಡಬೇಕಾಗಿತ್ತೆಂದು ಇನ್ನೊಬ್ಬನು. ನ್ಯಾಯಾಧೀಶರಿದ್ದ ಕಡೆ ನೇರವಾಗಿ ನೋಡಿದುದೇ ಸ್ವಸ್ಥಬುದ್ಧಿಯ ಲಕ್ಷಣವೆಂದು ಮೂರನೆಯವನು! ನಗೆ ಬರುವ ಈ ಪ್ರಸಂಗದ ಬೆನ್ನಿಗೇ ಲೇಖಕನು ನಮ್ಮನ್ನು ಮೂಕರಾಗಿಸುತ್ತಾನೆ. ಎಡಕ್ಕೆ ನೋಡಬೇಕಾಗಿತ್ತೆಂದ ಮುದಿ ವೈದ್ಯನಿಗೆ ಏನೋ ನೆನಪಾಗುತ್ತದೆ. ಬಹಳ ವರ್ಷಗಳ ಹಿಂದೆ ಈ ಆರೋಪಿ ತಾಯಿಯಿಲ್ಲದ ಮಗು. ತಂದೆ ಕಣ್ಣೆತ್ತಿ ನೋಡದ ಆ ಮಗು ಬರಿಗಾಲಲ್ಲಿ ಹಿತ್ತಲಲ್ಲಿ ಅಲೆಯುತ್ತಿತ್ತು. ಕನಿಕರಗೊಂಡು ವೈದ್ಯನು ಅದಕ್ಕೆ ಒಂದು ಪೌಂಡು ಕಾಯಿಬೀಜಗಳನ್ನು ಕೊಂಡುಕೊಟ್ಟನು. ಇಪ್ಪತ್ತಮೂರು ವರ್ಷಗಳಾದ ಮೇಲೆ ಯುವಕನೊಬ್ಬನು ಅವನ ಮನೆಗೆ ಬಂದು, ಅದೊಂದು ಪೌಂಡು ಬೀಜಕ್ಕಾಗಿ ಕೃತಜ್ಞತೆ ಹೇಳಿದನು. ವೈದ್ಯನ ಶಾಸ್ತ್ರಕ್ಕೆ ಕಾಣದ ಮಿತ್ಯಾ ಅವನ ನೆನಪಿಗೆ ಕಂಡನು. ತೀರ್ಪುಗಾರರಿಗೆ ಮಾತ್ರ ಅದು ಸಾಲಲಿಲ್ಲ. ಅವರು ತಪ್ಪಿತಸ್ಥನೆಂದೇ ಹೇಳಿದರು.

ಇದು ಹತ್ತೊಂಬತ್ತನೆಯ ಶತಮಾನದ ಕಟ್ಟುಕಥೆಯೆಂದು ಯಾರೂ ಸಮಾಧಾನಪಡಬೇಕಾಗಿಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ಪೋಲೀಸನೊಬ್ಬನನ್ನು ಕೊಂದನೆಂದು ಶಿಕ್ಷಿತನಾದ ಥಾಮಸ್ ಬೇರ್‌ಫುಟನ ವಿಚಾರಣೆಯಲ್ಲಿ ಇಬ್ಬರು ಮನೋವೈದ್ಯರು ಅವನನ್ನು ಒಮ್ಮೆಯೂ ಪರೀಕ್ಷಿಸದೆ, ಇಂಥ ಪ್ರಕೃತಿಯವನು ಮುಂದೆಯೂ ಹಿಂಸೆಗೆ ಇಳಿಯುವನೆಂದು ಸಾಕ್ಷಿ ನುಡಿದರು. ದೀರ್ಘಕಾಲದ ಇಂಥ ಭವಿಷ್ಯಗಳಲ್ಲಿ ಮೂರರಲ್ಲಿ ಎರಡು ತಪ್ಪಾಗುತ್ತವೆಂದು ಆ ದೇಶದ ಮನೋವೈದ್ಯರ ಸಂಘವೇ ಮೇಲಿನ ನ್ಯಾಯಾಲಯಕ್ಕೆ ತಿಳಿಸಿತು. ಆದರೂ ೧೯೮೩ರಲ್ಲಿ ನ್ಯಾಯಾಲಯವು ಅಂಥ ಸಾಕ್ಷ್ಯ ನಡೆಯುತ್ತದೆಂದಿತು. ೧೯೮೪ರಲ್ಲಿ ಅವನಿಗೆ ಮರಣದಂಡನೆಯಾಯಿತು. ಅವನು ಕೊಂದನೋ ಇಲ್ಲವೋ ಎಂಬುದು ನಮ್ಮ ಚರ್ಚೆಯಲ್ಲ. ಮಾಡಿದ ಕೃತ್ಯಕ್ಕೆ ಸಾಕ್ಷಿ ಬೇಕು. ಇನ್ನೂ ಮಾಡದ ಕೃತ್ಯಕ್ಕೆ ಸ್ವಭಾವವನ್ನೇ ಸಾಕ್ಷಿಯಾಗಿ ನಿಲ್ಲಿಸಿದರೆ ಆ ಸಾಕ್ಷಿಗೆ ಪಾಟೀಸವಾಲು ಹಾಕುವುದು ಹೇಗೆ?

೪

ಇನ್ನು ನಮ್ಮ ಕೂಟದಲ್ಲಿ ಓದಿದ ಕಥೆ. 'ವಡ್ಡಾರಾಧನೆ'ಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನದೂ ಒಂದು. ಹಗಲು ಕುಷ್ಠರೋಗಿಯ ವೇಷ, ರಾತ್ರಿ ಕಳವು. ಕಡೆಗೆ ಅರಸನ ಹಾರವನ್ನೇ ಕದಿಯುತ್ತಾನೆ. ತಳಾರನಾದ ಯಮದಂಡನು ಅವನನ್ನು ಹಿಡಿದು ನಾನಾ ದಂಡನೆಗಳಿಗೆ ಗುರಿಮಾಡಿದರೂ ಅವನು ಬಾಯಿಬಿಡುವುದಿಲ್ಲ. 'ರಕ್ತದಲ್ಲಿದ್ದ' ಕಳ್ಳತನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ ಎಂದು ನಮ್ಮ ಹಿರಿಯರು ಭಾವಿಸಿದುದು ಸಹಜ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಕಳ್ಳನೇ ತನ್ನ ಗುಟ್ಟನ್ನು ಹೇಳುತ್ತಾನೆ: ಅವನು ಅರಸುಮಗ, ತಳಾರನು ಅವನ ಬಾಲ್ಯದ ಗೆಳೆಯ, ಇಬ್ಬರೂ ಕೂಡಿ ಓದಿದವರು. ಒಬ್ಬನು ಕಾವಲಿನ ವಿದ್ಯೆಯನ್ನು ಕಲಿತನು, ಇನ್ನೊಬ್ಬನು ಕಳವಿನ ವಿದ್ಯೆಯನ್ನು. ನೀನು ಕಾಯುವ ಊರಿನಲ್ಲಿಯೇ ಕದ್ದು ನಿನ್ನನ್ನು ಕಾಡುವೆನೆಂಬ ಹುಡುಗತನದ ಪಂತವೊಂದು ಇಷ್ಟಕ್ಕೆಲ್ಲ ಮೂಲ.

ಹತ್ತನೆಯ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸಲಾಗುವ ಈ ಗದ್ಯದಲ್ಲಿ ಕಳವು ಒಂದು ವಿದ್ಯೆ. ಅದಕ್ಕೆ ಗುರುವುಂಟು, ಸಹಪಾಠಿಯುಂಟು, ಸ್ಪರ್ಧೆಯುಂಟು. ಅಪರಾಧವನ್ನು ಜನ ಒಡನಾಟದಿಂದ ಕಲಿಯುತ್ತಾರೆ, ಅದರ ಕೌಶಲವನ್ನೂ ಅದಕ್ಕೆ ಬೇಕಾದ ಸಮರ್ಥನೆಯನ್ನೂ ಆಪ್ತರಿಂದಲೇ ಪಡೆಯುತ್ತಾರೆ ಎಂದು ಸದರ್ಲೆಂಡನು ೧೯೩೯ರಿಂದ ಪ್ರತಿಪಾದಿಸಿದ ತತ್ತ್ವಕ್ಕೂ ಇದಕ್ಕೂ ಇರುವ ಸಾಮ್ಯ ಅಚ್ಚರಿಯದು. ನಮ್ಮ ಪೂರ್ವಿಕರಿಗೆ ಎಲ್ಲವೂ ಮೊದಲೇ ತಿಳಿದಿತ್ತೆಂದು ಬೀಗುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಜೈನ ಕಥೆಗಾರನಿಗೆ ಕರ್ಮದಲ್ಲಿ ನಂಬಿಕೆಯಿದ್ದಿತು. ಹುಟ್ಟನ್ನು ಅವನು ಲೆಕ್ಕಿಸದವನಲ್ಲ. ಆದರೂ ಕಥೆ ಹೇಳಹೊರಟಾಗ 'ಅವನು ಕಳ್ಳ, ಆದುದರಿಂದ ಕದ್ದನು' ಎಂದು ಅವನಿಗೆ ಬರೆಯಲಾಗಲಿಲ್ಲ. ಕಥೆಗೆ ಒಬ್ಬ ಗೆಳೆಯ ಬೇಕಾಯಿತು, ಒಂದು ಪಂತ ಬೇಕಾಯಿತು. ಅದೇ ಕಳ್ಳನು ಕೊನೆಗೆ ಋಷಿಯಾಗುತ್ತಾನೆ. ದಂಡನೆಯನ್ನು ಸಹಿಸಿದ ದಾರ್ಢ್ಯವೇ ತಪಸ್ಸಿಗೂ ಒದಗುತ್ತದೆ. ಗುಣ ಹೋಗಲಿಲ್ಲ; ಗುಣದ ಗುರಿ ಬದಲಾಯಿತು. ಗಾದೆಗೆ ಕಥೆಗಾರನು ಕೊಟ್ಟ ಉತ್ತರ ಇದೆಂದು ನಮಗೆ ತೋರುತ್ತದೆ.

ನಮ್ಮ ವಿಮರ್ಶೆ ಈ ಕಥೆಗಾರನಷ್ಟು ಎಚ್ಚರದಿಂದಿಲ್ಲ. ಜನ್ನನ 'ಯಶೋಧರ ಚರಿತೆ'ಯ (೧೨೦೯) ಅಮೃತಮತಿಯ ವಿಷಯದಲ್ಲಿ ಎಷ್ಟು ಸಲ ನಾವು 'ಅವಳ ಸ್ವಭಾವವೇ ಅಂಥದು' ಎಂದು ಬರೆದು ಮುಂದೆ ಸಾಗಿಲ್ಲ! ಅವಳು ಗಂಡನಿಗೂ ಅತ್ತೆಗೂ ವಿಷವಿಕ್ಕಿದವಳು. ಅದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಕವಿ ನಮಗೆ ಕೊಡುವುದು ಒಂದು ರಾತ್ರಿ, ಮುಖ ಕಾಣುವ ಮೊದಲೇ ಕಿವಿಗೆ ಬಿದ್ದ ಮಾವುತನ ಹಾಡು, ಎಲ್ಲವನ್ನೂ ತಿಳಿದೂ ತಿಳಿಯದವನಂತೆ ಹೂವಿನಿಂದ ಹೊಡೆಯುವ ಅರಸು, ತನ್ನ ಗುಟ್ಟು ರಟ್ಟಾಯಿತೆಂಬ ಅಂಜಿಕೆ. ವಿಷ ಬರುವುದು ಇಷ್ಟೆಲ್ಲ ಆದ ಮೇಲೆ. 'ಸ್ವಭಾವ' ಎಂದೊಡನೆ ಈ ಮೆಟ್ಟಲುಗಳೆಲ್ಲ ಅಳಿಸಿಹೋಗುತ್ತವೆ. ಕಾವ್ಯ ಬರಿದಾಗಿ ತೀರ್ಪು ಉಳಿಯುತ್ತದೆ.

೫

ಕಾವ್ಯದಲ್ಲಿ ಮಾಡಿದ ಈ ತಪ್ಪಿ‌ನಿಂದ ಯಾರ ಬದುಕೂ ಕೆಡುವುದಿಲ್ಲ. ಕಾನೂನು ಅದನ್ನೇ ಮಾಡಿದಾಗ ಕೆಡುತ್ತದೆ. ೧೮೭೧ರಲ್ಲಿ ಬ್ರಿಟಿಷ್ ಸರಕಾರವು ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯನ್ನು ತಂದಿತು. ಬಡಿಗನ ಮಗ ಬಡಿಗನಾಗುವ ಈ ದೇಶದಲ್ಲಿ ಕಳ್ಳನ ಮಗ ಕಳ್ಳನಾಗದೆ ಇರನೆಂಬುದೇ ಅದರ ಹಿಂದಿನ ತರ್ಕ. ೧೯೧೧ರಲ್ಲಿ ಅದು ಮುಂಬಯಿ, ಮದರಾಸು ಪ್ರಾಂತಗಳಿಗೂ ವ್ಯಾಪಿಸಿತು. ೧೯೨೪ರಲ್ಲಿ ಮತ್ತೆ ಕ್ರೋಡೀಕೃತವಾಯಿತು. ಕೂಸು ಹುಟ್ಟುವ ಮೊದಲೇ ಅದರ ಜಾತಿ ಪಟ್ಟಿಯಲ್ಲಿತ್ತು. ಹಾಜರಿ ಕೊಡಬೇಕು, ಪಾಸಿಲ್ಲದೆ ಊರು ಬಿಡಬಾರದು. ನಮ್ಮ ಸೊಲ್ಲಾಪುರ, ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಇಂಥ ಜನಗಳನ್ನು ತಂದು ನೆಲೆಗೊಳಿಸಿದ ಕಾವಲಿನ ವಸತಿಗಳೇ ಸೆಟ್ಲಮೆಂಟುಗಳು. ಇಲ್ಲಿ ತಂತಿಬೇಲಿಯೊಳಗಿನ ಜನ ಗಿರಣಿಗಳಿಗೆ ದುಡಿಯಲು ಹೋಗಿ ಹಾಜರಿಗೆ ಮರಳುತ್ತಿದ್ದರು. ಒಬ್ಬ ವ್ಯಕ್ತಿಯ ಸ್ವಭಾವವನ್ನೂ ಇಲ್ಲಿ ಯಾರೂ ಪರೀಕ್ಷಿಸಲಿಲ್ಲವೆಂಬುದನ್ನು ಗಮನಿಸಬೇಕು. ಶಿಕ್ಷಕಿ ಸೋದರಿ ಕೇಳಿದುದು ಇದನ್ನೇ. ಐಸೆಂಕನು ಕನಿಷ್ಠಪಕ್ಷ ಪ್ರಶ್ನಾವಳಿಯನ್ನು ಕೊಟ್ಟನು. ಕಾಯಿದೆಗೆ ಅದೂ ಬೇಕಾಗಲಿಲ್ಲ.

ಕಾಯಿದೆ ದೇಶಾದ್ಯಂತ ರದ್ದಾದುದು ೧೯೫೨ರ ಆಗಸ್ಟ್ ೩೧ರಂದು. ಆದರೆ ರೂಢಿಗತ ಅಪರಾಧಿಗಳೆಂಬ ಹೆಸರಿನ ಕಾನೂನುಗಳು ರಾಜ್ಯಗಳಲ್ಲಿ ಬಂದವು. ಸೆರೆಮನೆಯ ಕೈಪಿಡಿಗಳಲ್ಲಿ ಹಳೆಯ ಭಾವನೆ ಉಳಿದೇ ಇತ್ತು. ಸುಪ್ರೀಮ್ ಕೋರ್ಟು ೨೦೨೪ರ ಅಕ್ಟೋಬರ್ ೩ರಂದು, ಜಾತಿ ನೋಡಿ ಕೆಲಸ ಹಂಚುವ, ವಿಮುಕ್ತ ಜನಾಂಗಗಳವರನ್ನು ಹುಟ್ಟಿನಿಂದಲೇ ರೂಢಿಗತ ಅಪರಾಧಿಗಳೆಂದು ಕಾಣುವ ನಿಯಮಗಳು ಸಂವಿಧಾನಕ್ಕೆ ವಿರುದ್ಧವೆಂದು ಹೇಳಬೇಕಾಯಿತು. ರದ್ದಾದ ಕಾಯಿದೆಯ ನೆರಳು ಎಪ್ಪತ್ತೆರಡು ವರ್ಷ ಕದಲಲಿಲ್ಲವೆಂದಾಯಿತು.

ಈ ನೆರಳಿನೊಳಗಿಂದ ಬಂದ ಕೃತಿ ನಮ್ಮ ನೆರೆಯ ಮರಾಠಿಯಲ್ಲಿದೆ. ಲಕ್ಷ್ಮಣ ಗಾಯಕವಾಡರ 'ಉಚಲ್ಯಾ' ೧೯೮೭ರಲ್ಲಿ ಪ್ರಕಟವಾಗಿ ೧೯೮೮ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಲೇಖಕರು ಆ ಹೆಸರಿನ ಜನಾಂಗದಲ್ಲಿಯೇ ಹುಟ್ಟಿದವರು. ಕಳವು ಇಲ್ಲವೆಂದು ಅವರು ಎಲ್ಲಿಯೂ ಹೇಳುವುದಿಲ್ಲ; ನಮ್ಮ ಜನ ಮುಗ್ಧರೆಂದು ಅಲಂಕರಿಸುವುದೂ ಇಲ್ಲ. ಜೇಬು ಕತ್ತರಿಸುವುದನ್ನು ಮಕ್ಕಳಿಗೆ ಹೇಗೆ ಕಲಿಸುವರು, ಪೋಲೀಸರ ಏಟನ್ನು ತಾಳಿಕೊಳ್ಳಲು ಮನೆಯಲ್ಲಿಯೇ ಹೇಗೆ ಹೊಡೆದು ಪಳಗಿಸುವರು ಎಂಬುದನ್ನು ಬಿಚ್ಚಿ ಬರೆಯುತ್ತಾರೆ. ವಿದ್ಯುಚ್ಚೋರನ ಕಥೆಯಲ್ಲಿ ವಿನೋದದಂತಿದ್ದ 'ಕಳವಿನ ವಿದ್ಯೆ' ಇಲ್ಲಿ ಹಸಿವಿನ ಪಾಠಶಾಲೆಯಾಗಿದೆ. ಆ ಶಾಲೆಯಿಂದ ತಪ್ಪಿಸಿಕೊಂಡ ಹುಡುಗನು ಅಕ್ಷರ ಕಲಿತು, ಲಾತೂರಿನ ಸೂತಿನ ಗಿರಣಿಯಲ್ಲಿ ದುಡಿದು, ಕಾರ್ಯಕರ್ತನಾಗಿ, ಈ ಪುಸ್ತಕವನ್ನು ಬರೆದನು. ರಕ್ತ ಅದೇ, ಪಾಠ ಬೇರೆ. ಕಲೆಯ ದೃಷ್ಟಿಯಿಂದ ಕೃತಿಯಲ್ಲಿ ಪುನರುಕ್ತಿಗಳುಂಟು, ಬಂಧ ಸಡಿಲ. ಆದರೆ ಪಟ್ಟಿಯೊಳಗಿದ್ದ ಹೆಸರೊಂದು ಎದ್ದುನಿಂತು 'ನಾನು' ಎಂದು ಹೇಳುವಾಗ ಬಂಧದ ಮಾತು ಎರಡನೆಯದಾಗುತ್ತದೆ.

ಒಬ್ಬ ಲೇಖಕನ ಬಾಳು ಅಪವಾದವೆಂದು ಹೇಳಬಹುದು. ಅಂಥವರಿಗಾಗಿ ಅಮೆರಿಕದ ಒಂದು ಸಂಶೋಧನೆಯನ್ನು ಹೇಳಿ ಮುಗಿಸುತ್ತೇವೆ. ಗ್ಲೂಯೆಕ್ ದಂಪತಿಗಳು ಬೋಸ್ಟನ್ನಿನ ಐದುನೂರು ಅಪರಾಧಿ ಹುಡುಗರನ್ನೂ ಐದುನೂರು ನಿರಪರಾಧಿ ಹುಡುಗರನ್ನೂ ಅಧ್ಯಯನ ಮಾಡಿ, ಸ್ವಭಾವವೇ ಮೊದಲಾದ ವಿವರಗಳನ್ನು ೧೯೫೦ರಲ್ಲಿ ಪ್ರಕಟಿಸಿದರು. ಆ ಕಾಗದಪತ್ರಗಳ ಪೆಟ್ಟಿಗೆಗಳು ಹಾರ್ವರ್ಡಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಬಿದ್ದಿದ್ದವು. ಸ್ಯಾಂಪ್ಸನ್ ಮತ್ತು ಲಾಬ್ ಎಂಬವರು ಅವನ್ನು ಹೊರತೆಗೆದು, ಆ ಅಪರಾಧಿ ಹುಡುಗರ ಬಾಳನ್ನು ಎಪ್ಪತ್ತು ವರ್ಷದ ಮುಪ್ಪಿನವರೆಗೆ ಅನುಸರಿಸಿ ೧೯೯೩ರಲ್ಲಿಯೂ ೨೦೦೩ರಲ್ಲಿಯೂ ಗ್ರಂಥಗಳನ್ನು ಬರೆದರು. ಸ್ಥಿರವಾದ ಕೆಲಸ, ಒಲವಿನ ದಾಂಪತ್ಯ, ಸೈನ್ಯದ ಸೇವೆ ಇವು ದೊರೆತ ಅನೇಕರು ಅಪರಾಧವನ್ನು ಬಿಟ್ಟರು. ಯಾರು ಬಿಡುವರು, ಯಾರು ಬಿಡರು ಎಂಬುದನ್ನು ಬಾಲ್ಯದ ಗುಣಗಳಿಂದ ಮುಂಚಿತವಾಗಿ ಹೇಳಲಾಗಲಿಲ್ಲ. ಡನೀಡಿನ್ನಿನ ಅಂಕಿಗಳಿಗೂ ಇದಕ್ಕೂ ವಿರೋಧವಿದೆಯೆಂದು ನಾವು ತಿಳಿಯುವುದಿಲ್ಲ. ಗುಂಪಿನ ವಿಷಯದಲ್ಲಿ ಸ್ವಭಾವವು ಒಲವನ್ನು ಹೇಳುತ್ತದೆ. ಎದುರಿಗೆ ನಿಂತ ಒಬ್ಬ ಮನುಷ್ಯನ ವಿಷಯದಲ್ಲಿ ಅದು ತೀರ್ಪು ಹೇಳಲಾರದು. ನಮ್ಮ ಸೋದರಿಗೆ ಅಂದು ಹೇಳಬೇಕಾಗಿದ್ದುದು ಇಷ್ಟೇ: ತಮ್ಮ ಅಜ್ಜನ ರಕ್ತವನ್ನು ಯಾರೂ ನೋಡಿರಲಿಲ್ಲ, ನೋಡದೆಯೇ ತಲೆದೂಗಿದೆವು, ಅದು ನಮ್ಮ ತಪ್ಪು.

ಮುಂದಿನ ತಿಂಗಳ ಕೂಟದಲ್ಲಿ 'ಉಚಲ್ಯಾ'ದ ಆಯ್ದ ಭಾಗಗಳನ್ನು ಓದುವುದೆಂದು ಗೊತ್ತಾಗಿದೆ. ಮರಾಠಿ ಬಲ್ಲವರು ಮೂಲ ಪ್ರತಿಯನ್ನೇ ತರಬೇಕಾಗಿ ವಿನಂತಿ. ಮೊದಲು ಮಾತನಾಡಲು ಶಿಕ್ಷಕಿ ಸೋದರಿಯವರು ಒಪ್ಪಿದ್ದಾರೆ. ಅಂದು ಮಾತನಾಡಿದ ಹಿರಿಯರು, ತಾವು ಮುಂದಿನ ಸಾಲಿನಲ್ಲಿ ಕುಳಿತು ಕೇಳುವೆವೆಂದು ಹೇಳಿಕಳಿಸಿದ್ದಾರೆ.